ಸಣ್ಣ ಕೆಥೊಲಿಕ್ ಬೋರ್ಡಿಂಗ್ ಶಾಲೆ ಆರಿಸುವಾಗ: ಸಂಜೆ ಹೊತ್ತು ಹೋಗಿ ನೋಡಿ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಬೋರ್ಡಿಂಗಿನ ಮಾತು ಏಳುವುದು ಹೆಚ್ಚಾಗಿ ಕೆಲಸದ ಹೊತ್ತಿನಿಂದಾಗಿ. ಹೋಟೆಲ್ ನಡೆಸುವವರು ಮನೆ ಮುಟ್ಟುವಾಗ ರಾತ್ರಿ ಹನ್ನೊಂದೂವರೆ ದಾಟಿರುತ್ತದೆ. ಗಂಡ ಹೆಂಡತಿ ಇಬ್ಬರೂ ವಿರಾರ್ ಲೋಕಲ್ ಹಿಡಿಯುವವರಾದರೆ ಮಗುವಿನ ಸಂಜೆಯೆಲ್ಲ ಪಕ್ಕದ ಮನೆಯಲ್ಲೇ ಕಳೆಯುತ್ತದೆ. ಆಗ ಯಾರೋ ನೆಂಟರು, "ಪುಣೆ ಕಡೆ ಸಿಸ್ಟರ್‌ಗಳ ಒಂದು ಸಣ್ಣ ಶಾಲೆ ಇದೆ, ಬೋರ್ಡಿಂಗೂ ಇದೆ, ಶಿಸ್ತು ಚೆನ್ನಾಗಿದೆ" ಎನ್ನುತ್ತಾರೆ. ಒಂದು ಶನಿವಾರ ಬೆಳಗ್ಗೆ ಹೋಗುತ್ತೀರಿ. ಗುಡಿಸಿದ ಅಂಗಳ, ಸಾಲಾಗಿ ನಿಂತ ಮಕ್ಕಳು, ನಗುಮುಖದ ಪ್ರಾಂಶುಪಾಲರು ಕಾಣುತ್ತಾರೆ, ಫಾರ್ಮ್ ತಂದುಬಿಡುತ್ತೀರಿ.

ಅಲ್ಲೇ ತಪ್ಪುವುದು. ಬೋರ್ಡಿಂಗ್ ಮತ್ತು ಡೇ ಎರಡೂ ಇರುವ ಸಣ್ಣ ಶಾಲೆ ಎಂದರೆ ಒಂದೇ ಕಟ್ಟಡದಲ್ಲಿ ಎರಡು ಶಾಲೆ ಇದ್ದಂತೆ. ಹಗಲಿನದು ಸುತ್ತಲಿನ ಊರಿನಿಂದ ಬರುವ ಮುನ್ನೂರು ನಾನೂರು ಮಕ್ಕಳದು. ಅವರ ರಿಕ್ಷಾ, ಬಸ್ಸು ಹೋದ ಮೇಲೆ ಉಳಿಯುವ ನಲವತ್ತು ಐವತ್ತು ಮಕ್ಕಳದು ಇನ್ನೊಂದು. ನಿಮ್ಮ ಮಗು ಬದುಕುವುದು ಈ ಎರಡನೆಯದರಲ್ಲಿ. ಅದು ಕಾಣುವುದು ಸಂಜೆ ನಾಲ್ಕರ ಮೇಲೆ.

ಮೊದಲು, ಶಾಲೆ ಯಾರದ್ದು?

ಬೋರ್ಡಿನ ಮೇಲೆ 'ಸೇಂಟ್' ಎಂದಿದ್ದ ಮಾತ್ರಕ್ಕೆ ಅದು ಕೆಥೊಲಿಕ್ ಶಾಲೆ ಆಗುವುದಿಲ್ಲ. ಪಂಚಗಣಿಯ ಸೇಂಟ್ ಪೀಟರ್ಸ್, ಪುಣೆಯ ಬಿಷಪ್ಸ್, ದೇವಳಾಲಿಯ ಬಾರ್ನ್ಸ್ ಆಂಗ್ಲಿಕನ್, ಎಂದರೆ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಚರ್ಚಿನ ಪರಂಪರೆಯ ಶಾಲೆಗಳು. ಪಂಚಗಣಿಯ ಸೇಂಟ್ ಜೋಸೆಫ್ಸ್ ಕಾನ್ವೆಂಟ್ ಕೆಥೊಲಿಕ್. ಪುಣೆಯ ಸೇಂಟ್ ಮೇರೀಸ್ ಆಂಗ್ಲಿಕನ್, ಮುಂಬಯಿ ಮಜಗಾಂವಿನ ಸೇಂಟ್ ಮೇರೀಸ್ ಯೇಸುಸಭೆಯವರದು, ಎಂದರೆ ಕೆಥೊಲಿಕ್ ಜೆಸ್ವಿಟ್ ಫಾದರ್‌ಗಳದು. ಇವು ಹೆಸರಾದ ಶಾಲೆಗಳು, ಗೊಂದಲವಾದರೂ ವಿಚಾರಿಸಿ ತಿಳಿಯಬಹುದು. ಸಂತರ ಹೆಸರಿಟ್ಟುಕೊಂಡ ಖಾಸಗಿ ಟ್ರಸ್ಟಿನ ಸಣ್ಣ ಶಾಲೆಗಳ ವಿಷಯ ಹಾಗಲ್ಲ. ಅಲ್ಲಿ ಸಿಸ್ಟರೂ ಇಲ್ಲ, ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಮೇಲ್ವಿಚಾರಣೆಯೂ ಇಲ್ಲ. ಅದರಿಂದಲೇ ಶಾಲೆ ಕೆಟ್ಟದ್ದೆಂದು ಹೇಳಲಾಗದು. ಆದರೆ ನೀವು ಹುಡುಕುತ್ತಿರುವುದು ಅದನ್ನಲ್ಲ.

ಕೆಥೊಲಿಕ್ ಶಾಲೆ ಎಂದು ಖಾತ್ರಿಯಾದ ಮೇಲೆ, ಅದು ಧರ್ಮಪ್ರಾಂತ್ಯದ್ದೋ ಒಂದು ಧಾರ್ಮಿಕ ಸಭೆಯದ್ದೋ (ಫಾದರ್, ಬ್ರದರ್ ಇಲ್ಲವೆ ಸಿಸ್ಟರ್‌ಗಳ ಸಂಘ) ಎಂದು ಕೇಳಿ. ಇಗರ್ಜಿಗೆ (ಚರ್ಚಿಗೆ) ಅಂಟಿಕೊಂಡ ಧರ್ಮಪ್ರಾಂತ್ಯದ ಶಾಲೆಯಲ್ಲಿ ಆಡಳಿತ ಸಾಮಾನ್ಯವಾಗಿ ವಿಗಾರರ, ಎಂದರೆ ಆ ಇಗರ್ಜಿಯ ಮುಖ್ಯ ಪಾದ್ರಿಯ ಕೈಯಲ್ಲಿ ಇರುತ್ತದೆ. ಸಭೆಯವರದಾದರೆ ಅವರ ನಡೆಯೇ ಬೋರ್ಡಿಂಗಿನ ನಡೆ. ಸಲೇಶಿಯನ್ನರ, ಎಂದರೆ ಡಾನ್ ಬಾಸ್ಕೊ ಸಭೆಯವರ ಕ್ರಮದಲ್ಲಿ, ಫಾದರ್, ಬ್ರದರ್‌ಗಳು ಆಟದ ಮೈದಾನದಲ್ಲೂ ಮಕ್ಕಳ ನಡುವೆಯೇ ಇರಬೇಕು. ತಪ್ಪು ಮಾಡಿದ ಮೇಲೆ ದಂಡಿಸುವುದಕ್ಕಿಂತ ತಪ್ಪಾಗದ ಹಾಗೆ ಜೊತೆಗಿರುವುದು ಅವರ ಪದ್ಧತಿಯ ತಿರುಳು. ಹಾಗಾಗಿ ಆ ಸಭೆಯ ಶಾಲೆಯ ಮೈದಾನದಲ್ಲಿ ಸಂಜೆ ಹಿರಿಯರೊಬ್ಬರೂ ಕಾಣದಿದ್ದರೆ, ಅವರ ಅಳತೆಗೋಲಿನಲ್ಲೇ ಅದು ಕೊರತೆ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಫಾದರ್, ಸಿಸ್ಟರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ನಿಮ್ಮ ಮನಸ್ಸು ಗೆದ್ದ ಸಿಸ್ಟರ್ ಮುಂದಿನ ಜೂನ್‌ನಲ್ಲಿ ಬೇರೆ ಊರಲ್ಲಿರಬಹುದು. ಆದ್ದರಿಂದ ಅವರೊಬ್ಬರನ್ನು ನೋಡಿ ಸೇರಿಸಬೇಡಿ. ಹತ್ತು ವರ್ಷದಿಂದ ಅಲ್ಲೇ ಇರುವ ಟೀಚರ್‌ಗಳು ಎಷ್ಟು ಮಂದಿ, ಮೇಟ್ರನ್ ಎಷ್ಟು ವರ್ಷದವರು, ಅಡುಗೆಯವರು ಎಷ್ಟು ವರ್ಷದವರು ಎಂದು ಕೇಳಿ. ಸಣ್ಣ ಶಾಲೆಯನ್ನು ಹಿಡಿದು ನಿಲ್ಲಿಸುವವರು ಇವರು.

ಕಾಗದದಲ್ಲಿ ನೋಡಬೇಕಾದ್ದು

ಪ್ರತಿ ಮಾನ್ಯ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ, ಎಂದರೆ ಸರಕಾರ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. ಮಹಾರಾಷ್ಟ್ರದ್ದು 27ರಿಂದ, ಗೋವಾದ್ದು 30ರಿಂದ ಶುರುವಾಗುತ್ತದೆ. ಶಾಲೆಯಿಂದ ಆ ಸಂಖ್ಯೆ ಪಡೆದು ಯುಡೈಸ್ ಪ್ಲಸ್ ಜಾಲತಾಣದಲ್ಲಿ ಹಾಕಿದರೆ ಯಾವ ತರಗತಿಯವರೆಗೆ ಶಾಲೆ ಇದೆ, ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಎಂಬುದೆಲ್ಲ ಸಿಗುತ್ತದೆ.

ಮುಖ್ಯವಾಗಿ ನೋಡಬೇಕಾದ್ದು 9 ಮತ್ತು 10ನೇ ತರಗತಿ. ಕೆಲವು ಸಣ್ಣ ಶಾಲೆಗಳು ಎಂಟರವರೆಗೆ ಮಾತ್ರ ಮಾನ್ಯತೆ ಇಟ್ಟುಕೊಂಡು ಮುಂದಿನ ಎರಡು ವರ್ಷ ಮಕ್ಕಳನ್ನು ಬೇರೆ ಶಾಲೆಯ ಹೆಸರಿನಲ್ಲಿ ಕೂರಿಸುತ್ತವೆ, ಇಲ್ಲವೆ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಬರೆಸುತ್ತವೆ. ಮಹಾರಾಷ್ಟ್ರ ಮಂಡಳಿಯಲ್ಲಿ ಖಾಸಗಿ ಅಭ್ಯರ್ಥಿಗಳು ತುಂಬುವುದು 17ನೇ ನಂಬರಿನ ಫಾರ್ಮ್. ಮಾತಿನ ನಡುವೆ 'ಸತರಾ ನಂಬರ್ ಫಾರ್ಮ್' ಎಂಬ ಪದ ಕಿವಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಕಳೆದ ವರ್ಷದ ಹತ್ತನೇ ತರಗತಿಯ ಒಂದು ಅಂಕಪಟ್ಟಿ ತೋರಿಸಿ ಎಂದು ಕೇಳಿ. ಅದರ ಮೇಲೆ ಯಾವ ಶಾಲೆಯ ಸಂಖ್ಯೆ ಇದೆ ಎಂದು ನೋಡಿದರೆ ಉತ್ತರ ಸಿಕ್ಕಿತು.

ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಶೇ. 25ರ ಮೀಸಲು ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆ ಮೀಸಲು ಸೀಟುಗಳ ಲಾಟರಿಯನ್ನು ನಂಬಿ ಈ ಶಾಲೆಗಳಿಗೆ ಕಾಯಬೇಡಿ.

ಸಣ್ಣದು ಎಂದರೆ ಎಷ್ಟು ಸಣ್ಣದು?

ಐವತ್ತು ಬೋರ್ಡರ್‌ಗಳಿದ್ದಾರೆ ಎಂದರೆ ಕೇಳಲು ಚೆನ್ನ. ಲೆಕ್ಕ ಹಾಕಿ ನೋಡಿ: ಐದರಿಂದ ಹತ್ತರವರೆಗೆ ಆರು ತರಗತಿ, ತರಗತಿಗೆ ಸುಮಾರು ಎಂಟು ಮಕ್ಕಳು. ಹುಡುಗ ಹುಡುಗಿಯರು ಬೇರೆ ಬೇರೆ ಎಂದಾದರೆ ನಿಮ್ಮ ಮಗಳಿಗೆ ಓರಗೆಯ ಗೆಳತಿಯರು ಮೂರೋ ನಾಲ್ಕೋ. ಅವರಲ್ಲಿ ಇಬ್ಬರು ಶನಿವಾರ ಮನೆಗೆ ಹೋಗುವವರಾದರೆ ಭಾನುವಾರ ಅವಳು ಒಬ್ಬಳೇ. ಆದ್ದರಿಂದ ಒಟ್ಟು ಎಷ್ಟು ಎಂದು ಕೇಳಬೇಡಿ. ನಿಮ್ಮ ಮಗುವಿನ ತರಗತಿಯಲ್ಲಿ, ಅದರ ಒಂದು ಮೇಲೆ ಒಂದು ಕೆಳಗೆ, ಭಾನುವಾರವೂ ಉಳಿಯುವವರು ಎಷ್ಟು ಎಂದು ಕೇಳಿ. ಆರಕ್ಕಿಂತ ಕಡಿಮೆ ಇದ್ದರೆ ಯೋಚಿಸಬೇಕು.

ಜೊತೆಗೆ ಕಳೆದ ಮೂರು ವರ್ಷದ ಸಂಖ್ಯೆ ಕೇಳಿ. ಎಂಬತ್ತು, ಅರವತ್ತು, ನಲವತ್ತು ಎಂದು ಇಳಿಯುತ್ತಿದ್ದರೆ ಬೋರ್ಡಿಂಗ್ ಮುಚ್ಚುವ ದಾರಿಯಲ್ಲಿದೆ ಎಂದರ್ಥ. ಬೋರ್ಡಿಂಗಿಗೆ ರಾತ್ರಿ ಹಗಲು ಇರುವ ಸಿಸ್ಟರ್‌ಗಳು ಬೇಕು, ಅಂಥವರು ಕಡಿಮೆಯಾಗುತ್ತಿದ್ದಾರೆ. ಮಕ್ಕಳು ಕಡಿಮೆಯಾದಂತೆ ಅಡುಗೆಮನೆಯ ಖರ್ಚು ತೂಗದು. ಮುಚ್ಚುವ ಸಭೆ ಸಾಮಾನ್ಯವಾಗಿ ಮಕ್ಕಳನ್ನು ನಡುನೀರಲ್ಲಿ ಬಿಡುವುದಿಲ್ಲ, ತನ್ನದೇ ಇನ್ನೊಂದು ಶಾಲೆಗೆ ಕಳಿಸುತ್ತದೆ. ಆದರೆ ಒಂಬತ್ತರಲ್ಲಿರುವ ಮಗುವಿಗೆ ಹಾಗೆ ಊರು ಬದಲಾಗುವುದು ದೊಡ್ಡ ಪೆಟ್ಟು. "ಇವನ ಹತ್ತನೇ ತನಕ ಬೋರ್ಡಿಂಗ್ ಇರುತ್ತದೆಯೇ?" ಎಂದು ನೇರ ಕೇಳಿ. ಪ್ರಾಮಾಣಿಕರು ನೇರವಾಗಿಯೇ ಹೇಳುತ್ತಾರೆ.

ಸಂಜೆಯ ಭೇಟಿ

ವಾರದ ನಡುವಿನ ಒಂದು ದಿನ, ಸಾಧ್ಯವಾದರೆ ಜುಲೈ ಅಥವಾ ಆಗಸ್ಟ್‌ನಲ್ಲಿ, ಸಂಜೆ ನಾಲ್ಕೂವರೆಗೆ ಹೋಗಿ ಎಂಟರವರೆಗೆ ಇರಲು ಅನುಮತಿ ಕೇಳಿ. ಪೂರ್ತಿ ಒಪ್ಪದಿದ್ದರೂ ಒಂದು ಗಂಟೆಗಾದರೂ ಒಪ್ಪುವ ಶಾಲೆ ನಂಬಬಹುದಾದ ಶಾಲೆ.

ಮಳೆಗಾಲವೇ ಏಕೆ ಎಂದರೆ, ಪಂಚಗಣಿ, ಖಂಡಾಳಾ, ಗೋವಾ ಮೂರೂ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಬಟ್ಟೆ ಒಣಗಿಸುವ ಜಾಗ ತೋರಿಸಿ ಎಂದು ಕೇಳಿ. ಚೆನ್ನಾಗಿ ನಡೆಸುವ ಬೋರ್ಡಿಂಗಿನಲ್ಲಿ ಅದಕ್ಕೊಂದು ಕೋಣೆ, ಫ್ಯಾನು, ಎತ್ತರದಲ್ಲಿ ತಂತಿ ಇರುತ್ತದೆ. ಪ್ರತಿ ಬಟ್ಟೆಗೂ ಮಗುವಿನ ನಂಬರ್ ಹೊಲಿದಿರುತ್ತದೆ. ಇಲ್ಲದ ಕಡೆ ಮಂಚದ ಸರಳಿನ ಮೇಲೆ ಒದ್ದೆ ಕಾಲ್ಚೀಲ ನೇತಾಡುತ್ತಿರುತ್ತವೆ, ಡಾರ್ಮಿಟರಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಒದ್ದೆ ಬಟ್ಟೆ ಹಾಕಿಕೊಂಡ ಮಕ್ಕಳಿಗೆ ತೊಡೆಸಂದಿನಲ್ಲಿ ಹುಳುಕಡ್ಡಿ. ಹಾಸಿಗೆ, ಟವೆಲ್ ಹಂಚಿಕೊಳ್ಳುವವರಿಗೆ ಕಜ್ಜಿ. ಕಜ್ಜಿಯ ಬಗ್ಗೆ ವಾರ್ಡನ್‌ಗೆ ಒಂದು ಪ್ರಶ್ನೆ ಹಾಕಿ: ಒಬ್ಬರಿಗೆ ಬಂದರೆ ಏನು ಮಾಡುತ್ತೀರಿ? "ಮುಲಾಮು ಹಚ್ಚುತ್ತೇವೆ" ಎಂದರೆ ಸಾಲದು. ಜೊತೆಗೆ ಮಲಗುವ ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು, ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆದಾಗಬೇಕು. ಒಬ್ಬರಿಗೆ ಮಾತ್ರ ಮಾಡಿದರೆ ಅದು ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ.

ಆರೂವರೆಗೆ ಸ್ಟಡಿ ಶುರುವಾಗುತ್ತದೆ ಎಂದುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕೂತು ಒಬ್ಬನೇ ಹುಡುಗನನ್ನು ನೋಡಿ. ಅವನು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಾನೆ. ಪೆನ್ಸಿಲ್ ಕಚ್ಚುತ್ತಾನೆ, ಪಕ್ಕದವನ ಪುಸ್ತಕ ಇಣುಕುತ್ತಾನೆ, ಕೊನೆಗೆ ಹಾಳೆಯ ಅಂಚಿನಲ್ಲಿ ಚಿತ್ರ ಬರೆಯಲು ತೊಡಗುತ್ತಾನೆ. ಅವನ ಹತ್ತಿರ ಯಾರಾದರೂ ಬರಲು ಎಷ್ಟು ನಿಮಿಷ ಹಿಡಿಯಿತು? ಐದು ನಿಮಿಷದಲ್ಲಿ ಬಂದರೆ ಆ ಸ್ಟಡಿಗೆ ಬೆಲೆ ಇದೆ. ಬಹಳ ಕಡೆ ಸ್ಟಡಿ ಎಂದರೆ ಒಂದೂವರೆ ಗಂಟೆ ಸದ್ದಿಲ್ಲದೆ ಕೂರುವುದು ಅಷ್ಟೆ. ಬೆತ್ತವಿಲ್ಲದೆಯೂ ಸದ್ದಡಗಿಸುವ ಸಿಸ್ಟರ್ ಇರಬಹುದು, ಆದರೆ ಬೀಜಗಣಿತ ಹೇಳಿಕೊಡುವವರು ಬೇರೆಯೇ ಬೇಕು. ಗಣಿತ, ವಿಜ್ಞಾನದ ಟೀಚರ್ ವಾರದಲ್ಲಿ ಎಷ್ಟು ಸಂಜೆ ಬರುತ್ತಾರೆ ಎಂದು ಕೇಳಿ. ಎರಡಾದರೂ ಇರಲಿ.

ಊಟದ ಹೊತ್ತಿಗೆ ಗೋಡೆಯ ಮೇಲಿನ ಮೆನು ಓದಬೇಡಿ, ತಟ್ಟೆ ನೋಡಿ. ಎರಡನೇ ಸಲ ಬಡಿಸುತ್ತಾರೆಯೇ, ಕೊನೆಯ ಸಾಲಿನ ಸಣ್ಣ ಮಕ್ಕಳಿಗೆ ಪಲ್ಯ ಉಳಿದಿರುತ್ತದೆಯೇ ನೋಡಿ. ಗೋವಾದಲ್ಲಿ ಬೆಳಗ್ಗೆ ಪಾವ್, ಮಧ್ಯಾಹ್ನ ಮೀನು ಸಾರು ಅನ್ನ ಸಹಜ. ಪುಣೆ ಕಡೆ ಪೋಹೆ, ಉಸಳ್, ಚಪಾತಿ. ಮನೆಯಲ್ಲಿ ಮಾಂಸ ಮುಟ್ಟದವರು ನಾಚಿಕೆ ಬಿಟ್ಟು ಕೇಳಿ: ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಬೇರೆ ಸೌಟು ಇದೆಯೇ? ದನ, ಹಂದಿ ಬೇಯಿಸುತ್ತೀರಾ? ಮೀನಿನ ದಿನ ಸಸ್ಯಾಹಾರಿಗೆ ಬದಲಿ ಏನು? ಬರಿಯ ಅನ್ನ ತಿಳಿಸಾರಾದರೆ ಬೆಳೆಯುವ ಮಗುವಿಗೆ ಸಾಲದು, ಕಾಳೋ ಮೊಸರೋ ಇರಬೇಕು.

ಹೊರಡುವ ಮುನ್ನ ರಾತ್ರಿಯ ದಾರಿ ನಡೆದು ನೋಡಿ: ಮಂಚದಿಂದ ಕಕ್ಕಸಿಗೆ. ಎಷ್ಟು ಹೆಜ್ಜೆ, ದೀಪ ಇದೆಯೇ, ಮಳೆಯಲ್ಲಿ ನೆನೆಯಬೇಕೇ? ದೂರ ಅಥವಾ ಕತ್ತಲಾದರೆ ಸಣ್ಣ ಮಕ್ಕಳು ತಡೆದುಕೊಳ್ಳುತ್ತಾರೆ, ಹಾಸಿಗೆ ಒದ್ದೆಯಾಗುತ್ತದೆ, ಬೆಳಗ್ಗೆ ಉಳಿದವರ ಮುಂದೆ ಅವಮಾನವಾಗುತ್ತದೆ. ಎಂಟು ಹತ್ತು ಮಕ್ಕಳಿಗೆ ಒಂದು ಕಕ್ಕಸು ಬೇಕು, ಮಂಚಗಳ ನಡುವೆ ಮೂರು ಅಡಿಯಾದರೂ ಬೇಕು. ವಾರ್ಡನ್ ಮಲಗುವುದು ಡಾರ್ಮಿಟರಿಗೆ ತಾಗಿದ ಕೋಣೆಯಲ್ಲೋ ಇನ್ನೊಂದು ಕಟ್ಟಡದಲ್ಲೋ? ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರೆಯೇ? ಹಾಕುವುದಾದರೆ ಬೆಂಕಿ ಬಿದ್ದಾಗ ಎರಡನೆಯ ಬಾಗಿಲು ಯಾವುದು, ಅದರ ಕೀಲಿ ಎಲ್ಲಿ? ರಾತ್ರಿ ಎರಡಕ್ಕೆ ಮಗುವಿಗೆ ಹೊಟ್ಟೆನೋವು ಬಂದರೆ ಯಾವ ಆಸ್ಪತ್ರೆ, ಯಾವ ಗಾಡಿ, ಓಡಿಸುವವರು ಯಾರು? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅವರು ಮೊದಲೇ ಯೋಚಿಸಿದ್ದಾರೆ ಎಂದು ತಿಳಿಯಿರಿ.

ಮಕ್ಕಳ ರಕ್ಷಣೆಯ ಮಾತನ್ನು ಸಂಕೋಚದಿಂದ ನುಂಗಬೇಡಿ. ಹತ್ತನೆಯವರೂ ಐದನೆಯವರೂ ಒಂದೇ ಕೋಣೆಯಲ್ಲಿ ಮಲಗಬಾರದು. ಮಗು ಯಾರಿಗೆ ದೂರು ಹೇಳಬಹುದು ಎಂಬುದು ಗೋಡೆಯ ಮೇಲೆ ಬರೆದಿರಬೇಕು, ಮಕ್ಕಳ ಸಹಾಯವಾಣಿ 1098 ಸಹಿತ. ಮಹಾರಾಷ್ಟ್ರದ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ 'ಸಖಿ ಸಾವಿತ್ರಿ' ಸಮಿತಿ ಇರಬೇಕು, ಅದರಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಎಂದು ಕೇಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. "ನಾವು ಒಳಗೇ ಸರಿ ಮಾಡಿಕೊಳ್ಳುತ್ತೇವೆ" ಎನ್ನುವ ಶಾಲೆ ಎಷ್ಟೇ ಪುಣ್ಯದ ಮಾತಾಡಲಿ, ಬೇಡ.

ಪ್ರಾರ್ಥನೆ, ಪೂಜೆ

ಕೆಥೊಲಿಕ್ ಬೋರ್ಡಿಂಗಿನಲ್ಲಿ ಬೆಳಗ್ಗೆ ಸಂಜೆ ಪ್ರಾರ್ಥನೆ ಇರುತ್ತದೆ, ಅಕ್ಟೋಬರ್ ಬಂದರೆ ಜಪಮಾಲೆಗೆ ಹೆಚ್ಚು ಹೊತ್ತು ಹೋಗುತ್ತದೆ. ಬೇರೆ ಧರ್ಮದವರು ಇದನ್ನು ಗೊತ್ತಿದ್ದೇ ಒಪ್ಪಬೇಕು. ಆದರೆ ಸರಕಾರದ ಮಾನ್ಯತೆ ಇರುವ ಶಾಲೆ, ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲಿ ಇದು ಸ್ಪಷ್ಟವಿದೆ. ಪ್ರವೇಶ ಫಾರ್ಮಿನಲ್ಲಿ ಈ ಒಪ್ಪಿಗೆಯ ಸಾಲು ಇರಬಹುದು, ಓದಿ ಸಹಿ ಹಾಕಿ. ಕೇಳಬೇಕಾದ ಪ್ರಶ್ನೆ ಸಣ್ಣದು: ಭಾನುವಾರದ ಇಗರ್ಜಿಯ ಬಲಿಪೂಜೆಯ (ಮಾಸ್) ಹೊತ್ತಿಗೆ ಉಳಿದ ಮಕ್ಕಳು ಎಲ್ಲಿರುತ್ತಾರೆ, ಯಾರ ಜೊತೆ? ಒಳ್ಳೆಯ ಶಾಲೆಯಲ್ಲಿ ಅವರಿಗೆ ಮೌಲ್ಯ ಶಿಕ್ಷಣವೋ ಓದುವ ಹೊತ್ತೋ ಇರುತ್ತದೆ. ಚೌತಿಗೆ, ದೀಪಾವಳಿಗೆ, ಈದ್‌ಗೆ ರಜೆ ಕೊಟ್ಟು ಮನೆಗೆ ಕಳಿಸುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳಿ.

ನೀವೇ ಕೆಥೊಲಿಕರಾದರೆ ಮಗುವಿನ ಜ್ಞಾನಸ್ನಾನದ ಪ್ರಮಾಣಪತ್ರ, ನಿಮ್ಮ ಇಗರ್ಜಿಯ ವಿಗಾರರ ಪತ್ರ ಇಟ್ಟುಕೊಳ್ಳಿ. ಪ್ರಥಮ ಪರಮಪ್ರಸಾದ, ದೃಢೀಕರಣ ಬೋರ್ಡಿಂಗಿನ ಕಡೆಯೋ ನಿಮ್ಮ ಇಗರ್ಜಿಯಲ್ಲೋ ಎಂದು ಮೊದಲೇ ತೀರ್ಮಾನವಾಗಲಿ. ಬೋರ್ಡಿಂಗಿನಲ್ಲಿ ಕಲಿತ ಧರ್ಮೋಪದೇಶದ ವರ್ಷಗಳಿಗೆ ಪ್ರತಿ ವರ್ಷ ಪತ್ರ ಪಡೆದಿಡಿ. ಇಲ್ಲದಿದ್ದರೆ ಮುಂಬಯಿಗೆ ಮರಳಿದಾಗ ಮಗು ಕೆಳಗಿನ ತರಗತಿಯಲ್ಲಿ ಮತ್ತೆ ಕೂರಬೇಕಾದೀತು.

ಹೆಸರು, ಭಾಷೆ, ರಾಜ್ಯ

ಕನ್ನಡಿಗರು ಹೆಚ್ಚು ಎಡವುವುದು ಇಲ್ಲಿ. ನಮ್ಮಲ್ಲಿ ಹೆಸರಿನ ಮುಂದೆ ಇನಿಶಿಯಲ್. ಮಹಾರಾಷ್ಟ್ರದ ಫಾರ್ಮ್ ಕೇಳುವುದು ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಆಮೇಲೆ ತಂದೆಯ ಹೆಸರು. ಗುಮಾಸ್ತರು ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ಅಡ್ಡಹೆಸರಾಗಿ ಬರೆದುಬಿಟ್ಟರೆ ಅದೇ ಶಾಲೆಯ ದಾಖಲಾತಿ ಪುಸ್ತಕವಾದ ಜನರಲ್ ರಿಜಿಸ್ಟರ್‌ಗೆ, ಅಲ್ಲಿಂದ ಹತ್ತನೇ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಹಳೆಯ ಟಿಸಿ ಮೂರರಲ್ಲೂ ಒಂದೇ ಅಕ್ಷರ ಇರುವಂತೆ ಪ್ರವೇಶಕ್ಕೆ ಮೊದಲೇ ಸರಿಪಡಿಸಿ. ಶಾಲೆ ಬಿಟ್ಟ ಮೇಲೆ ತಿದ್ದಿಸುವುದು ಬಹಳ ಕಷ್ಟ. ಕರ್ನಾಟಕದಿಂದ ಹೊಸದಾಗಿ ಬರುವ ಮಗುವಿನ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದು ರೂಢಿ, ಅದನ್ನು ಊರಿಂದ ಹೊರಡುವ ಮೊದಲೇ ಮಾಡಿಸಿ.

ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಲಿಸಬೇಕು. ಆರನೇ ತರಗತಿಗೆ ಬರುವ ಕನ್ನಡದ ಮಗು, ಐದು ವರ್ಷ ಮರಾಠಿ ಓದಿದವರ ಪಕ್ಕದಲ್ಲಿ ಕೂರುತ್ತದೆ. ಹೊಸಬರಿಗೆ ಬೇರೆ ಪಾಠ ಇದೆಯೇ ಎಂದು ಕೇಳಿ, ಬೇಸಿಗೆಯಲ್ಲಿ ದೇವನಾಗರಿ ಓದಲು ಕಲಿಸಿ ಕಳಿಸಿ. ಮಂಗಳೂರ ಕಡೆಯ ಕೊಂಕಣಿಗರು ಗೋವಾದಲ್ಲಿ ಮಗುವಿಗೆ ಕೊಂಕಣಿ ಸುಲಭ ಎಂದುಕೊಳ್ಳುತ್ತಾರೆ. ಮಾತು ಸುಲಭವೇ, ಆದರೆ ಮನೆಯಲ್ಲಿ ಕೊಂಕಣಿ ಓದುವುದು ಕನ್ನಡ ಲಿಪಿಯಲ್ಲಿ, ಶಾಲೆಯ ಪುಸ್ತಕ ದೇವನಾಗರಿಯಲ್ಲಿ.

ಮುಂದಿನ ಓದಿನ ಲೆಕ್ಕವನ್ನೂ ಈಗಲೇ ಹಾಕಿ. ಮಹಾರಾಷ್ಟ್ರದ ವೈದ್ಯಕೀಯ ಸೀಟುಗಳ ರಾಜ್ಯ ಕೋಟಾಕ್ಕೆ 10 ಮತ್ತು 12 ಎರಡೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು ಎಂಬುದು ಸಾಮಾನ್ಯ ನಿಯಮ. ಮುಂಬಯಿಯ ಮನೆಯವರು ಮಗುವಿಗೆ ಗೋವಾದಲ್ಲಿ ಹತ್ತನೇ ಮಾಡಿಸಿದರೆ ಈ ದಾರಿ ಇಕ್ಕಟ್ಟಾಗುತ್ತದೆ. ಕರ್ನಾಟಕದ ಸಿಇಟಿಗೆ ಸಾಮಾನ್ಯ ದಾರಿ ಅಲ್ಲಿ ಏಳು ವರ್ಷ ಓದಿರುವುದು. ಹೊರನಾಡ ಕನ್ನಡಿಗರಿಗೆ ಬೇರೆ ಅರ್ಹತೆ ಉಂಟು, ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕನ್ನಡ ಪರೀಕ್ಷೆ ಪಾಸಾಗಬೇಕು. ಬೋರ್ಡಿಂಗಿಗೆ ಹೋದ ಮಗು ಎರಡು ವರ್ಷದಲ್ಲಿ ಕನ್ನಡ ಓದುವುದನ್ನು ಮರೆಯುತ್ತದೆ. ವಾರಕ್ಕೊಂದು ಪತ್ರ ಕನ್ನಡದಲ್ಲಿ ಬರೆಯಿರಿ, ಉತ್ತರವೂ ಕನ್ನಡದಲ್ಲೇ ಬರಲಿ. ಟ್ರಂಕಿನಲ್ಲಿ ಕನ್ನಡ ಕತೆಪುಸ್ತಕ ಎರಡಿರಲಿ.

ಶುಲ್ಕ

ಬೋಧನಾ ಶುಲ್ಕ, ಬೋರ್ಡಿಂಗ್, ಠೇವಣಿ, ಲಾಂಡ್ರಿ, ಸಮವಸ್ತ್ರ, ಔಷಧಿ, ಪಾಕೆಟ್ ಮನಿ: ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮಹಾರಾಷ್ಟ್ರದ 2011ರ ಶುಲ್ಕ ಕಾಯ್ದೆಯಂತೆ ಶುಲ್ಕಕ್ಕೆ ಪಾಲಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಬೇಕು, ಒಮ್ಮೆ ನಿಗದಿಯಾದರೆ ಎರಡು ಶೈಕ್ಷಣಿಕ ವರ್ಷ ಬದಲಿಸುವಂತಿಲ್ಲ. ರಸೀದಿ ಇಲ್ಲದ ದೇಣಿಗೆ ಕೊಡಬೇಡಿ. ಮಗು ನಡುವೆ ಬಿಟ್ಟರೆ ಏನು ವಾಪಸು ಬರುತ್ತದೆ ಎಂಬ ಸಾಲನ್ನು ಹುಡುಕಿ ಓದಿ.

ಡೇ ಸಾಕೇ?

ಐದನೇ ತರಗತಿಗಿಂತ ಮೊದಲು ಬೋರ್ಡಿಂಗ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಷ್ಟರವರೆಗೆ ಹತ್ತಿರದ ಕಾನ್ವೆಂಟಿನಲ್ಲಿ ಸಂಜೆ ಆರರವರೆಗೆ ಸ್ಟಡಿಗೆ ಕೂರಿಸಿಕೊಳ್ಳುತ್ತಾರೆಯೇ ವಿಚಾರಿಸಿ, ಎಷ್ಟೋ ಮನೆಗಳಿಗೆ ಬೇಕಿರುವುದು ಅಷ್ಟೇ. ಒಂದು ಬದಿಯ ಪ್ರಯಾಣ ನಲವತ್ತು ನಿಮಿಷ ಮೀರದಿರಲಿ. ಬಸ್ಸಿನಲ್ಲಿ ಮಹಿಳಾ ಅಟೆಂಡೆಂಟ್ ಇದ್ದಾರೆಯೇ ನೋಡಿ.

ಅರ್ಜಿಯಿಂದ ಮೊದಲ ರಜೆಯವರೆಗೆ

ಗೋವಾದಲ್ಲಿ 2025ರಿಂದ ಆರರಿಂದ ಹತ್ತನೇ ತರಗತಿಗಳಿಗೆ ಶಾಲೆ ಏಪ್ರಿಲ್‌ನಲ್ಲೇ ಶುರು, ಮಹಾರಾಷ್ಟ್ರದ ರಾಜ್ಯ ಮಂಡಳಿಯಲ್ಲಿ ಜೂನ್. ಗೋವಾಕ್ಕೆ ಕಳಿಸುವವರು ಡಿಸೆಂಬರ್ ಒಳಗೆ ಅರ್ಜಿ ಮುಗಿಸಿ, ಮಾರ್ಚ್ ಕೊನೆಗೆ ಟಿಸಿ ಸಿಗುವಂತೆ ಹಳೆಯ ಶಾಲೆಗೆ ಮೊದಲೇ ಹೇಳಿಡಿ. ಯುಡೈಸ್ ಪ್ಲಸ್‌ನಲ್ಲಿ ಮಗುವಿನ ಹೆಸರನ್ನು ಹಳೆಯ ಶಾಲೆ ಬಿಟ್ಟುಕೊಡದಿದ್ದರೆ ಹೊಸ ಶಾಲೆ ಸೇರಿಸಿಕೊಳ್ಳಲಾಗದೆ ಅಲೆದಾಟವಾಗುತ್ತದೆ.

ಟ್ರಂಕಿಗೆ ಕಾಲ್ಚೀಲ ಎಂಟು ಜೊತೆ, ಒಳಉಡುಪು ಹತ್ತು, ಟವೆಲ್ ಮೂರು, ಶೂ ಎರಡು ಜೊತೆ. ಮಳೆಗಾಲಕ್ಕೆ ಇದರಲ್ಲಿ ಕಡಿಮೆ ಮಾಡಬೇಡಿ. ಮೊದಲ ಹದಿನೈದು ದಿನ ಬರಬೇಡಿ ಎಂದು ಶಾಲೆ ಹೇಳಿದರೆ ಒಪ್ಪಿ, ಮಗು ಹೊಂದಿಕೊಳ್ಳಲು ಅದು ಬೇಕು. ಫೋನೂ ಬೇಡ, ಎರಡು ತಿಂಗಳು ಭೇಟಿಯೂ ಬೇಡ ಎಂದರೆ ಒಪ್ಪಬೇಡಿ. ಫೋನಿನಲ್ಲಿ ಅಳುವುದು ಸಹಜ. ಆಮೇಲೆ ಎಷ್ಟು ಹೊತ್ತಿಗೆ ಆಟಕ್ಕೆ ಹೋಯಿತು ಎಂದು ವಾರ್ಡನ್‌ಗೆ ಕೇಳಿ.

ಚೌತಿಗೋ ದೀಪಾವಳಿಗೋ ಮನೆಗೆ ಬಂದ ದಿನ ಮಗುವನ್ನು ತೂಕ ಮಾಡಿ, ಬೆರಳ ಸಂದಿನಲ್ಲಿ ಕಜ್ಜಿ ಇದೆಯೇ ನೋಡಿ, ಕಳಿಸುವಾಗ ಕೊಟ್ಟ ಟವೆಲ್ ಮೂರೂ ಇವೆಯೇ ಎಣಿಸಿ. ಊಟದ ಬಗ್ಗೆ ದೂರಿದರೆ ಗಾಬರಿ ಬೇಡ, ಎಲ್ಲ ಮಕ್ಕಳೂ ದೂರುತ್ತಾರೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಬಂದಾಗ ಮಗು ಸುಮ್ಮನಾದರೆ, ಅಲ್ಲಿ ನಿಲ್ಲಿ, ಒತ್ತಾಯಿಸದೆ ಕೇಳಿ. ಬಿಡಿಸಬೇಕೆಂದು ಅನ್ನಿಸಿದರೆ ಎಂಟನೇ ಮುಗಿಯುವುದರೊಳಗೆ ಬಿಡಿಸಿ. ಒಂಬತ್ತು ಶುರುವಾದ ಮೇಲೆ ಹತ್ತನೇ ಪರೀಕ್ಷೆಯ ನೋಂದಣಿ, ಹೊಸ ಪಠ್ಯ, ಹೊಸ ಭಾಷೆ ಎಲ್ಲ ಒಟ್ಟಿಗೆ ಮಗುವಿನ ತಲೆ ಮೇಲೆ ಬೀಳುತ್ತವೆ. ರಕ್ಷಣೆಯ ಪ್ರಶ್ನೆಯಾದರೆ ಮಾತ್ರ ಯಾವ ತರಗತಿಯೆಂದೂ ನೋಡಬೇಡಿ, ಅದೇ ದಿನ ಕರೆತನ್ನಿ.